‘ಬಂದು ಕರ್ಕೊಂಡು ಹೋಗಿ’ ಅನ್ನೋ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಈಚೆಗೆ ತಂದೆಯೊಬ್ಬರು ಬರೆದ ಪತ್ರ ಓದಿದೆ. ಅವರ ಮಗಳ ತರಗತಿಯಲ್ಲಿ ವಿಶೇಷ ಅಗತ್ಯದ ಹುಡುಗನೊಬ್ಬ ಇದ್ದಾನಂತೆ. ಕಿರುಚುತ್ತಾನೆ, ಪುಸ್ತಕ ಹರಿಯುತ್ತಾನೆ, ಪಕ್ಕದವಳ ಜಡೆ ಎಳೆದಿದ್ದಾನೆ. ಅಂಥ ದಿನ ಶಾಲೆಯವರು ಅವನ ಮನೆಗೆ ಫೋನ್ ಮಾಡಿ ‘ಬಂದು ಕರ್ಕೊಂಡು ಹೋಗಿ’ ಅಂತಾರೆ. ಅದೇ ಸರಿಯಾದ ಕ್ರಮ, ಎಲ್ಲ ಶಾಲೆಗಳೂ ಹಾಗೇ ಮಾಡಬೇಕು ಅನ್ನೋದು ಅವರ ವಾದ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳು ದಿನಾ ಹೆದರಿಕೊಂಡು ಮನೆಗೆ ಬಂದರೆ ಯಾವ ತಂದೆಯಾದರೂ ಹೀಗೇ ಬರೆದಾರು. ಆದರೆ ನಾನು ಬಹಳ ವರ್ಷದಿಂದ ವಿಶೇಷ ಶಿಕ್ಷಕಿ. ಜಡೆ ಎಳೆಸಿಕೊಂಡವಳು, ಕಚ್ಚಿಸಿಕೊಂಡವಳು. ಹಾಗಾಗಿ ಆ ಫೋನ್ ಕರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಆ ಹುಡುಗ ನಾಳೆಯೂ ಪುಸ್ತಕ ಹರಿಯಲಿ ಅಂತ ಯಾರಾದರೂ ಬಯಸಿದರೆ, ಆ ಫೋನಿಗಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಹೇಗೆ ಅಂತ ಕೇಳ್ತೀರಿ. ನಮ್ಮ ತರಗತಿಗೆ ಬಂದ ಒಬ್ಬ ಹುಡುಗನ ವಿಷಯ ಹೇಳ್ತೀನಿ. ವಯಸ್ಸು ಒಂಬತ್ತರ ಆಸುಪಾಸು. ಆಟಿಸಂ, ಮಾತು ಬಂದಿರಲಿಲ್ಲ. ಹಿಂದಿನ ಶಾಲೆಯವರು ಕೊಟ್ಟ ಫೈಲಿನಲ್ಲಿ ‘ಕಾರಣವಿಲ್ಲದೆ ಇದ್ದಕ್ಕಿದ್ದಂತೆ ದಾಳಿ ಮಾಡುತ್ತಾನೆ’ ಅಂತ ಬರೆದಿತ್ತು. ಈ ‘ಕಾರಣವಿಲ್ಲದೆ’ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಯಾರೂ ಕೂತು ನೋಡಿಲ್ಲ ಅಂತಷ್ಟೇ ಅದರರ್ಥ.

ನಾನು ಮತ್ತು ನಮ್ಮ ಸಹಾಯಕಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೀರು ಎಳೆದು ಕೂತೆವು. ಮುಂಚೆ ಏನು ನಡೀತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಪಕ್ಕದಲ್ಲಿ ಗಂಟೆ. ಇಷ್ಟೇ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ‘ಸಿಟ್ಟು ಮಾಡಿಕೊಂಡ’, ‘ಹಠ ಮಾಡಿದ’ ಅಂತ ಬರೆಯುವ ಹಾಗಿಲ್ಲ ಅನ್ನೋದು ಒಂದೇ ನಿಯಮ. ‘ಹಾಳೆ ಹರಿದ, ಮೇಜು ತಳ್ಳಿದ, ತನ್ನ ಕೈ ಕಚ್ಚಿಕೊಂಡ’ ಅಂತ ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆಯಬೇಕು. ವಾರ ಕಳೆಯುವಷ್ಟರಲ್ಲಿ ಪುಟ ತಾನಾಗೇ ಮಾತಾಡಿತು. ಹಾಡಿನ ಪೀರಿಯಡ್‌ನಲ್ಲಿ ಏನೂ ಇಲ್ಲ. ಮೈದಾನದಲ್ಲಿ ಇಲ್ಲ. ಊಟದ ಹೊತ್ತಿನಲ್ಲಿ ಇಲ್ಲ. ಎಲ್ಲ ರಂಪವೂ ಅಕ್ಷರ ತಿದ್ದುವ ಹಾಳೆ ಮೇಜಿನ ಮೇಲೆ ಬಂದಮೇಲೆ. ಹಳೆಯ ಶಾಲೆಯಲ್ಲಿ ಆಗ ಏನು ಮಾಡುತ್ತಿದ್ದರು ಅಂತ ಅವನ ತಾಯಿಯನ್ನು ಕೇಳಿದೆ. ‘ನನಗೆ ಫೋನ್ ಬರ್ತಿತ್ತು ಮೇಡಂ, ಹೋಗಿ ಕರ್ಕೊಂಡು ಬರ್ತಿದ್ದೆ’ ಅಂದರು. ಮೊದಮೊದಲು ಮಧ್ಯಾಹ್ನದ ಮೇಲೆ ಬರುತ್ತಿದ್ದ ಫೋನ್, ಬರ್ತಾ ಬರ್ತಾ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೇ ಬರತೊಡಗಿತಂತೆ.

ಯೋಚನೆ ಮಾಡಿ. ಹಾಳೆ ಬಂತು, ಹರಿದ, ಅಮ್ಮ ಬಂದರು, ಮನೆ. ಅವನು ಪಾಠ ಕಲಿಯಲಿಲ್ಲ ಅನ್ನೋರು ಯಾರು? ಚೆನ್ನಾಗೇ ಕಲಿತ. ಶಾಲೆಯೇ ಕಲಿಸಿತು. ಹಾಗಂತ ಅವನು ಒಳಗೊಳಗೇ ಲೆಕ್ಕ ಹಾಕಿ ನಾಟಕ ಆಡುತ್ತಿದ್ದ ಅಂತಲ್ಲ. ತಾಪತ್ರಯ ತಪ್ಪಿಸಿದ ದಾರಿಯನ್ನು ಮೈ ನೆನಪಿಟ್ಟುಕೊಳ್ಳುತ್ತೆ. ನಿಮ್ಮದೂ ನನ್ನದೂ ಹಾಗೇ.

ಇನ್ನೊಂದು ವಿಷಯ ಇದೆ, ಇದನ್ನು ನಮ್ಮವರು ಒಪ್ಪಲ್ಲ. ಆ ಫೋನ್ ಶಾಲೆಗೂ ಬಹುಮಾನವೇ. ಅರ್ಧ ಗಂಟೆಯಲ್ಲಿ ತರಗತಿ ತಣ್ಣಗಾಗುತ್ತೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಹುಡುಗನಿಗೂ ಲಾಭ, ಶಾಲೆಗೂ ಲಾಭ. ನಷ್ಟ ಆಗೋದು ತಾಯಿಗೆ. ಈ ತಾಯಿ ಇದೇ ಕಾರಣಕ್ಕೆ ಕೆಲಸ ಬಿಟ್ಟಿದ್ದರು. ನಮ್ಮಲ್ಲಿಗೆ ಬಂದ ಮೇಲೂ ಎಷ್ಟೋ ದಿನ ಶಾಲೆಯ ಗೇಟಿನ ಹತ್ತಿರವೇ ಫೋನ್ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಮನೆಗೆ ಹೋಗಿ ಅಂದರೂ ಹೋಗುತ್ತಿರಲಿಲ್ಲ.

ಹಾಗಾದರೆ ನಾವು ಏನು ಮಾಡಿದೆವು? ಮೊದಲು ಹಾಳೆಯನ್ನೇ ನೋಡಿದೆವು. ಹುಡುಗನ ಬೆರಳಿನಲ್ಲಿ ಬಲ ಇರಲಿಲ್ಲ. ನಾಲ್ಕು ಅಕ್ಷರ ತಿದ್ದುವಷ್ಟರಲ್ಲಿ ಉಗುರಿನ ತುದಿ ಬೆಳ್ಳಗಾಗುತ್ತಿತ್ತು, ಅಷ್ಟು ಬಿಗಿಯಾಗಿ ಪೆನ್ಸಿಲ್ ಒತ್ತುತ್ತಿದ್ದ. ನಮಗೆ ಅದು ಅಕ್ಷರಾಭ್ಯಾಸ, ಅವನಿಗೆ ಕೈನೋವು. ಅಕ್ಷರ ಬರೆಯೋದರ ಬದಲು ಅಂಟಿಸೋದು, ಜೋಡಿಸೋದು ಮಾಡಿದೆವು. ಅಕ್ಷರ ಎಲ್ಲ ಅವನಿಗೆ ಗೊತ್ತಿತ್ತು! ಬೆರಳಿಗೆ ಬೇರೆ ಹೊತ್ತಿನಲ್ಲಿ ಬೇರೆ ಕಸರತ್ತು.

ಆಮೇಲೆ ಕಾರ್ಡ್. ದಪ್ಪ ರಟ್ಟಿನ ತುಂಡು, ಅದರ ಮೇಲೆ ಅಂಗೈ ಚಿತ್ರ, ಹಿಂದೆ ವೆಲ್ಕ್ರೋ ಪಟ್ಟಿ. ಮೇಜಿನ ಅಂಚಿಗೆ, ಅವನ ಬಲಗೈಗೆ ಸಿಗುವ ಹಾಗೆ ಅಂಟಿಸಿದೆವು. ಅದನ್ನು ಕೊಟ್ಟರೆ ಕೆಲಸ ನಿಲ್ಲುತ್ತೆ, ಎರಡು ನಿಮಿಷ ಮೂಲೆಯ ಚಾಪೆ. ಮರಳಿನ ಗಡಿಯಾರ ಖಾಲಿಯಾದರೆ ವಾಪಸ್. ಕಾರ್ಡ್ ತೋರಿಸಿ ‘ಸಾಕಾದಾಗ ಇದನ್ನು ಕೊಡು’ ಅಂತ ಹೇಳಿದರೆ ಆಗಲ್ಲ. ಇದಕ್ಕೆ ಇಬ್ಬರು ಬೇಕು. ನಾನು ಎದುರಿಗೆ ಕೂತು ಅಂಗೈ ಚಾಚಿದೆ. ಸಹಾಯಕಿ ಅವನ ಬೆನ್ನ ಹಿಂದೆ, ಬಾಯಿಂದ ಒಂದು ಮಾತೂ ಇಲ್ಲ. ರಂಪಕ್ಕೆ ಮುಂಚೆ ಅವನ ಗುನುಗು ಸ್ವಲ್ಪ ಮೇಲಕ್ಕೇರುತ್ತಿತ್ತು, ಮೊಣಕಾಲು ಅಲುಗುತ್ತಿತ್ತು. ಅದು ಶುರುವಾದ ಕ್ಷಣ ಅವಳು ಅವನ ಕೈ ಹಿಡಿದು ಕಾರ್ಡ್ ಎತ್ತಿಸಿ ನನ್ನ ಅಂಗೈಯಲ್ಲಿ ಇಡಿಸುತ್ತಿದ್ದಳು. ನಾನು ತಕ್ಷಣ ಹಾಳೆ ತೆಗೆಯುತ್ತಿದ್ದೆ. ತಕ್ಷಣ ಅಂದರೆ ತಕ್ಷಣ. ‘ಇದೊಂದು ಸಾಲು ಮುಗಿಸಿಬಿಡು ಕಂದ’ ಅಂದರೆ ಕೆಟ್ಟಿತು. ಹರಿಯುವುದು ಕಾರ್ಡಿಗಿಂತ ಬೇಗ ಕೆಲಸ ಮಾಡುತ್ತೆ ಅಂತಾದರೆ, ಅವನು ಕಾರ್ಡ್ ಯಾಕೆ ಕೊಟ್ಟಾನು?

ಹೀಗೆ ಎದುರಿಗೊಬ್ಬರು, ಹಿಂದೊಬ್ಬರು ನಿಂತು ಚಿತ್ರ ಕೊಡಿಸುವ ಕ್ರಮ ನನ್ನದಲ್ಲ. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ಪದ್ಧತಿಯಿಂದ (ಮಾತಿನ ಬದಲು ಚಿತ್ರ ಕೊಟ್ಟು ಬೇಕಾದ್ದನ್ನು ಹೇಳುವ ಕ್ರಮ) ಬಂದದ್ದು. ಚಿತ್ರ ಕೊಟ್ಟರೆ ಮಗುವಿಗೆ ಮಾತೇ ಬರಲ್ಲ ಅಂತ ಹೆತ್ತವರು ಹೆದರುತ್ತಾರೆ. ಹಾಗೇನೂ ಆಗಲ್ಲ. ಎಷ್ಟೋ ಮಕ್ಕಳಿಗೆ ಚಿತ್ರವೇ ಮಾತಿಗೆ ಮೆಟ್ಟಿಲಾಗುತ್ತೆ.

ಮೊದಲ ದಿನಗಳಲ್ಲಿ ಹುಡುಗ ಕಾರ್ಡ್ ಕೊಟ್ಟಿದ್ದೇ ಕೊಟ್ಟಿದ್ದು. ಕೂರೋದು, ಕೊಡೋದು, ಚಾಪೆಗೆ ಓಡೋದು. ಸ್ಟಾಫ್ ರೂಮಿನಲ್ಲಿ ನಗು. ‘ಚೆನ್ನಾಗಿ ಸೋಮಾರಿತನ ಕಲಿಸ್ತಿದ್ದೀರಿ’ ಅಂತ ಒಬ್ಬರು ಅಂದೇಬಿಟ್ಟರು. ಇರಲಿ. ಅವನ ಜೀವನದಲ್ಲಿ ಮೊದಲ ಸಲ ‘ಬೇಡ’ ಅಂದಿದ್ದು ಬೇರೆಯವರಿಗೆ ಕೇಳಿಸುತ್ತಿತ್ತು. ಅದು ನಿಜವಾ ಅಂತ ಪರೀಕ್ಷೆ ಮಾಡಬೇಡವಾ? ಪರೀಕ್ಷೆ ಮುಗಿದ ಮೇಲೆ ನಾವು ಕೆಲಸದ ಹೊತ್ತನ್ನು ನಿಧಾನಕ್ಕೆ ಎಳೆದೆವು. ಮೊದಲು ಒಂದು ಅಕ್ಷರ ಅಂಟಿಸು, ಆಮೇಲೆ ಕಾರ್ಡ್. ಆಮೇಲೆ ಎರಡು. ಆಮೇಲೆ ಒಂದು ಸಾಲು. ಗೋಡೆಯ ಮೇಲೆ ಒಂದು ಹಲಗೆ, ಎಡಕ್ಕೆ ಕೆಲಸದ ಚಿತ್ರ, ಬಲಕ್ಕೆ ಅವನಿಗೆ ಇಷ್ಟವಾದ ತಿರುಗುವ ಚಕ್ರದ ಚಿತ್ರ. ಮೊದಲು ಇದು, ಆಮೇಲೆ ಅದು. ಇಷ್ಟವಾದದ್ದನ್ನು ಮುಂದಿಟ್ಟರೆ ಇಷ್ಟವಿಲ್ಲದ್ದೂ ನಡೆಯುತ್ತೆ ಅಂತ ಡೇವಿಡ್ ಪ್ರೀಮ್ಯಾಕ್ ಎಂಬ ಮನೋವಿಜ್ಞಾನಿ 1959ರಲ್ಲಿ ಬರೆದರು. ಅಜ್ಜಿಯರಿಗೆ ಅದಕ್ಕೂ ಮುಂಚೆಯೇ ಗೊತ್ತಿತ್ತು ಅನ್ನಿ.

ಪೂರ್ತಿ ಸರಿಹೋಯಿತಾ ಅಂದರೆ, ಇಲ್ಲ. ನಿದ್ದೆ ಸರಿಯಿಲ್ಲದ ದಿನ ಈಗಲೂ ಮೇಜು ತಳ್ಳುತ್ತಾನೆ. ಆದರೆ ತಾಯಿಗೆ ಫೋನ್ ಹೋಗಲ್ಲ.

ಇದು ನನ್ನೊಬ್ಬಳ ಅನುಭವದ ಮಾತು ಅಂತ ತಳ್ಳಿಹಾಕಬೇಡಿ. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಮನೋವಿಜ್ಞಾನಿಗಳು ಅಮೆರಿಕದಲ್ಲಿ ನಾಲ್ಕು ಮಕ್ಕಳ ಮೇಲೆ ಮಾಡಿದ ಅಧ್ಯಯನ 1985ರಲ್ಲೇ ಪ್ರಕಟವಾಗಿದೆ. ಕೆಲಸ ಕಷ್ಟವಾದಾಗ ರಂಪ ಮಾಡುವ ಮಗುವಿಗೆ ‘ನನಗೆ ಅರ್ಥ ಆಗ್ಲಿಲ್ಲ’ ಅಂತ ಹೇಳಿ ಸಹಾಯ ಕೇಳೋದನ್ನು ಕಲಿಸಿದರು. ಗಮನ ಬೇಕಾಗಿ ರಂಪ ಮಾಡುವ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಅಂತ ಕೇಳೋದನ್ನು ಕಲಿಸಿದರು. ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ರಂಪ ಇಳಿಯಿತು. ಹೊಂದದ ಮಾತು ಕಲಿಸಿದರೆ ಇಳಿಯಲಿಲ್ಲ. ಅದಕ್ಕೂ ಮುಂಚೆ, 1982ರಲ್ಲಿ, ಬ್ರಯನ್ ಇವಾಟ ಮತ್ತು ಜೊತೆಯವರು ತಮ್ಮನ್ನು ತಾವೇ ಹೊಡೆದುಕೊಳ್ಳುವ ಒಂಬತ್ತು ಜನರನ್ನು ಬೇರೆಬೇರೆ ಸನ್ನಿವೇಶದಲ್ಲಿ ಕೂರಿಸಿ ಗಮನಿಸಿದ್ದರು. ಆರು ಜನರಲ್ಲಿ ಹೊಡೆದುಕೊಳ್ಳುವುದು ಯಾವುದೋ ಒಂದು ಸನ್ನಿವೇಶದಲ್ಲಿ ಎದ್ದು ಕಾಣುವಷ್ಟು ಜಾಸ್ತಿಯಾಗುತ್ತಿತ್ತು. ಎಲ್ಲರಿಗೂ ಅದೇ ಸನ್ನಿವೇಶ ಅಲ್ಲ.

ಆ ತಂದೆಯವರು ಗಮನಿಸಬೇಕಾದ್ದು ಇದೇ. ಮೇಲೆ ನೋಡಿದರೆ ಒಂದೇ ಥರದ ರಂಪ, ಒಳಗಿನ ಕಾರಣ ಬೇರೆ. ನನ್ನದೇ ತರಗತಿಯ ಇನ್ನೊಬ್ಬ ಹುಡುಗ ಡಸ್ಟರ್ ಎಸೆಯುತ್ತಿದ್ದ. ಅವನಿಗೆ ಕೆಲಸ ಕಷ್ಟವಲ್ಲ, ತಪ್ಪಿಸಿಕೊಳ್ಳುವ ಆಸೆಯೂ ಇಲ್ಲ. ಎಸೆದಾಗ ಮೂರು ಜನ ದೊಡ್ಡವರು ಓಡಿ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಐದು ನಿಮಿಷ ಬುದ್ಧಿ ಹೇಳುತ್ತಿದ್ದರು. ಸುಮ್ಮನೆ ಕೂತಾಗ ಒಬ್ಬರೂ ಅವನ ಕಡೆ ತಿರುಗುತ್ತಿರಲಿಲ್ಲ. ಅವನಿಗೆ ಅಂಗೈ ಕಾರ್ಡ್ ಕೊಟ್ಟು ಚಾಪೆಗೆ ಕಳಿಸಿದ್ದರೆ ಏನೂ ಉಪಯೋಗ ಆಗುತ್ತಿರಲಿಲ್ಲ. ಅವನು ಸುಮ್ನೆ ಕೂತಾಗಲೇ ಹೋಗಿ ಮಾತಾಡಿಸಿ, ಬೆನ್ನು ತಟ್ಟಿ ಬರೋದು ಬೇಕಿತ್ತು. ಎಸೆದಾಗ ಮಾತಿಲ್ಲ, ಎತ್ತಿಡು ಅನ್ನುವ ಸನ್ನೆ ಅಷ್ಟೇ. ಶುರುವಿನಲ್ಲಿ ಎಸೆತ ಇನ್ನೂ ಜಾಸ್ತಿಯಾಯಿತು. ಹಾಗೆ ಆಗೋದುಂಟು, ಎಷ್ಟೋ ಶಿಕ್ಷಕರು ಕೈಚೆಲ್ಲುವುದು ಅಲ್ಲೇ. ಆಗ ಸೋತು ಓಡಿ ಹೋದರೆ, ಜೋರಾಗಿ ಎಸೆದರೆ ಮಾತ್ರ ಬರ್ತಾರೆ ಅಂತ ಕಲಿಸಿದ ಹಾಗಾಗುತ್ತೆ. ಆದರೆ ತಲೆ ಗೋಡೆಗೆ ಚಚ್ಚಿಕೊಳ್ಳುವ ಮಗುವನ್ನು ಗಮನಿಸದೆ ಬಿಡೋ ಹಾಗಿಲ್ಲ. ಅಲ್ಲಿ ಮೊದಲು ತಲೆ ಕಾಪಾಡಿ, ಉಳಿದದ್ದು ಆಮೇಲೆ.

ನೋವು ಇನ್ನೊಂದು ಕಾರಣ. ಇದನ್ನು ಎಲ್ಲರೂ ಮರೆಯುತ್ತಾರೆ. ಸೌಮ್ಯ ಹುಡುಗಿಯೊಬ್ಬಳು ಇದ್ದಕ್ಕಿದ್ದ ಹಾಗೆ ಕೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದಳು, ಯಾವಾಗಲೂ ಎಡಗೆನ್ನೆ. ಎಲ್ಲರೂ ‘ಬಿಹೇವಿಯರ್ ಶುರುವಾಯ್ತು’ ಅಂದರು. ಮೂರು ಗೀರಿನ ನೋಟ್‌ಬುಕ್ಕಿನಲ್ಲಿ ಯಾವ ಪೀರಿಯಡ್ಡೂ ಹೊಂದಲಿಲ್ಲ, ಯಾವ ಶಿಕ್ಷಕಿಯೂ ಹೊಂದಲಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಜಾಸ್ತಿ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಮಾತು ಬಾರದ ಮಗುವಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಕಿವಿ, ಹಲ್ಲು, ಹೊಟ್ಟೆ ನೋಡಿಸಿ. ಮಲಬದ್ಧತೆ ಇದೆಯಾ, ಮೂರ್ಛೆರೋಗ ಇದೆಯಾ, ಮಾತ್ರೆ ಬದಲಾಯಿತಾ, ನಿದ್ದೆ ಆಗ್ತಿದೆಯಾ ಕೇಳಿ. ಒಳ್ಳೆಯ ನಡವಳಿಕೆಗೆ ನಕ್ಷತ್ರ ಅಂಟಿಸುವ ಸ್ಟಾರ್ ಚಾರ್ಟ್ ಹಲ್ಲುನೋವಿಗೆ ಮದ್ದಲ್ಲ.

ಈಗ ಆ ತಂದೆಯವರ ನಿಜವಾದ ಪ್ರಶ್ನೆ. ರಂಪ ನಡೆಯುತ್ತಿರುವಾಗ ಉಳಿದ ಮಕ್ಕಳ ಗತಿ ಏನು? ನ್ಯಾಯವಾದ ಪ್ರಶ್ನೆ. ಅವರ ಮಗಳ ಜಡೆಯೂ ಮುಖ್ಯವೇ. ಆ ಹೊತ್ತಿನಲ್ಲಿ ಪಾಠ ಕಲಿಸೋದು, ಬುದ್ಧಿ ಹೇಳೋದು ಎರಡೂ ಆಗಲ್ಲ. ಕಿವಿಗೆ ಮಾತು ಇಳಿಯುವ ಸ್ಥಿತಿಯಲ್ಲಿ ಆ ಮಗು ಇರಲ್ಲ. ಒಬ್ಬರೇ ಮಾತಾಡಬೇಕು, ಅದೂ ಎರಡು ಮೂರು ಪದ, ತಗ್ಗಿದ ದನಿಯಲ್ಲಿ. ಎದುರಿಗೆ ನೆಟ್ಟಗೆ ನಿಲ್ಲಬೇಡಿ, ಪಕ್ಕಕ್ಕೆ ಓರೆಯಾಗಿ ನಿಲ್ಲಿ. ಕತ್ತರಿ, ಕುರ್ಚಿ ದೂರ ಸರಿಸಿ. ಅವನನ್ನು ಎಳೆದು ಹೊರಗೆ ಹಾಕೋದಕ್ಕಿಂತ, ಉಳಿದ ಮಕ್ಕಳನ್ನು ಸಾಲಾಗಿ ಪಕ್ಕದ ಕೋಣೆಗೆ ಕರೆದೊಯ್ಯೋದು ಬಹಳ ಸಲ ಸುಲಭ. ಮುಂಚೆಯೇ ಅಭ್ಯಾಸ ಮಾಡಿಸಿದ್ದರೆ ಅವರು ಗದ್ದಲವಿಲ್ಲದೆ ಎದ್ದು ಹೋಗುತ್ತಾರೆ. ಕೂದಲು ಹಿಡಿದಾಗ ಕೈ ಕಿತ್ತುಕೊಳ್ಳಲು ಎಳೆಯಬೇಡಿ. ಹಿಡಿದ ಮುಷ್ಟಿಯನ್ನೇ ತಲೆಗೆ ಒತ್ತಿ ಹಿಡಿಯಿರಿ, ನೋವು ಕಮ್ಮಿಯಾಗುತ್ತೆ, ಹಿಡಿತ ಸಡಿಲಾಗುವ ತನಕ ಕಾಯಿರಿ. ಕಚ್ಚಿದಾಗಲೂ ಅಷ್ಟೇ, ಎಳೆದರೆ ಚರ್ಮ ಹರಿಯುತ್ತೆ. ಮಗುವನ್ನು ಬೋರಲು ಮಲಗಿಸಿ ಅದುಮುವುದು ಯಾವ ಕಾರಣಕ್ಕೂ ಬೇಡ. ಉಸಿರುಕಟ್ಟಿ ಸಾಯುವ ಅಪಾಯ ಇದೆ. ಕೋಣೆಯಲ್ಲಿ ಒಬ್ಬನನ್ನೇ ಕೂಡಿ ಚಿಲಕ ಹಾಕೋದೂ ಬೇಡ.

ಜಡೆ ಎಳೆಸಿಕೊಂಡ ಹುಡುಗಿಗೂ ಆಮೇಲೆ ಯಾರಾದರೂ ಕೂತು ಮಾತಾಡಬೇಕು. ನಮ್ಮಲ್ಲಿ ಇದು ಆಗೋದೇ ಇಲ್ಲ. ‘ಅವನು ಸ್ಪೆಷಲ್ ಚೈಲ್ಡ್, ಅಡ್ಜಸ್ಟ್ ಮಾಡ್ಕೋ’ ಅಂದು ಮುಗಿಸುತ್ತೇವೆ. ಆ ತಂದೆಯ ಸಿಟ್ಟಿನಲ್ಲಿ ಅರ್ಧ ಪಾಲು ಇದಕ್ಕೇ ಇರಬೇಕು. ಏನಾಯಿತು, ನಿನಗೆ ಎಲ್ಲಿ ನೋವಾಯಿತು, ಅವನ ಗುನುಗು ಏರಿದಾಗ ನೀನು ಎಲ್ಲಿಗೆ ಸರಿಯಬಹುದು ಅಂತ ಹೇಳಿಕೊಟ್ಟರೆ ಮಕ್ಕಳು ನಮಗಿಂತ ಬೇಗ ಕಲೀತಾರೆ. ನನ್ನ ತರಗತಿಯ ಹುಡುಗಿಯೊಬ್ಬಳು ನನಗಿಂತ ಮುಂಚೆ ಅವನ ಕಾರ್ಡಿನ ಕಡೆ ಬೆರಳು ತೋರಿಸುತ್ತಾಳೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ನಡವಳಿಕೆ ತಿದ್ದುವ ಈ ವಿದ್ಯೆಯ ಹಿಂದಿನ ಕಥೆ ಚೊಕ್ಕ ಅಲ್ಲ. 1960ರ ದಶಕದಲ್ಲಿ ಐವರ್ ಲೋವಾಸ್ ಅಂಥ ಹೆಸರಾಂತ ತಜ್ಞರೇ ಮಕ್ಕಳಿಗೆ ಏಟು, ವಿದ್ಯುತ್ ಶಾಕ್ ಕೊಟ್ಟಿದ್ದರು. ಈಗ ದೊಡ್ಡವರಾಗಿರುವ ಆಟಿಸಂನವರು ಅನೇಕರು, ‘ನಮ್ಮನ್ನು ಹೇಳಿದ ಹಾಗೆ ಕೇಳುವ ಗೊಂಬೆ ಮಾಡಲು ನೋಡಿದಿರಿ’ ಅಂತ ಈ ವಿದ್ಯೆಯನ್ನು ದೂರುತ್ತಾರೆ. ಅವರ ಮಾತು ಕೇಳಬೇಕು. ಕೈ ಬಡಿಯೋದು, ತೂಗಾಡೋದು, ಗುನುಗೋದು ಯಾರಿಗೂ ತೊಂದರೆಯಲ್ಲ. ನೋಡೋರಿಗೆ ವಿಚಿತ್ರ ಕಾಣುತ್ತೆ ಅಷ್ಟೇ. ಅದನ್ನು ನಿಲ್ಲಿಸೋಕೆ ಹೋಗಿ ಎಷ್ಟೋ ಶಾಲೆಗಳು ಇಲ್ಲದ ರಂಪ ತಂದುಕೊಂಡಿವೆ. ಯಾರಿಗಾದರೂ ಗಾಯ ಆಗುತ್ತಾ, ಮಗು ಕಲಿಯೋದು ನಿಲ್ಲುತ್ತಾ, ಇಷ್ಟು ಕೇಳಿಕೊಳ್ಳಿ. ಎರಡಕ್ಕೂ ‘ಇಲ್ಲ’ ಅಂತಾದರೆ ಬಿಟ್ಟುಬಿಡಿ.

ಇಷ್ಟೆಲ್ಲ ಮಾಡೋಕೆ ಶಿಕ್ಷಕರಿಗೆ ಪುರುಸೊತ್ತು ಎಲ್ಲಿದೆ ಅನ್ನೋದು ನನಗೂ ಗೊತ್ತು. ತರಗತಿ ತುಂಬ ಮಕ್ಕಳಿರುವಾಗ ಒಬ್ಬರೇ ನೋಟ್‌ಬುಕ್ ಹಿಡಿದು ಕೂರಕ್ಕಾಗಲ್ಲ. ಕಾರ್ಡ್ ಕಲಿಸಲು ಎರಡು ಜೊತೆ ಕೈ ಬೇಕು ಅಂದೆನಲ್ಲ, ಆ ಎರಡನೇ ಜೊತೆ ಕೈಗೇ ಶಾಲೆಗಳು ದುಡ್ಡು ಉಳಿಸೋದು. ಸಹಾಯಕಿಯರಿಗೆ ತರಬೇತಿ ಇಲ್ಲ, ಸಂಬಳ ಕಮ್ಮಿ, ಮಗುವಿನ ಫೈಲ್ ಓದೋಕೂ ಬಿಡಲ್ಲ. ಮಗುವಿನ ಜೊತೆ ದಿನವಿಡೀ ಇರೋಳು ಅವಳು, ಸಭೆಗೆ ಕರೆಯೋದು ಉಳಿದವರನ್ನ. ಕಳಿಸಿಬಿಡೋದು ಪುಕ್ಕಟೆ, ಅದಕ್ಕೇ ಅದು ನಡೀತಿದೆ. ಅದಕ್ಕೆ ಯಾವ ಕಾಗದವೂ ಬೇಡ. ಅಮಾನತು ಮಾಡಿದರೆ ದಾಖಲೆ ಬೇಕು, ಕಾರಣ ಬೇಕು. ಫೋನ್ ಮಾಡಿದರೆ ‘ತಾಯಿಯೇ ಬಂದು ಕರೆದುಕೊಂಡು ಹೋದರು’ ಅಂತಾಗುತ್ತೆ. ಅಮೆರಿಕದ ಶಿಕ್ಷಣ ಇಲಾಖೆ 2022ರಲ್ಲಿ ಇದರ ಬಗ್ಗೆಯೇ ಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತು. ನಡವಳಿಕೆಯ ಕಾರಣಕ್ಕೆ ಹೆತ್ತವರನ್ನು ಕರೆಸಿ ಬೇಗ ಕಳಿಸುವುದು ಅನೌಪಚಾರಿಕ ಹೊರಹಾಕುವಿಕೆ, ಅದನ್ನೂ ಶಿಸ್ತುಕ್ರಮದ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತೆ ಅನ್ನುವುದು ಅದರ ಸಾರ. ಎಲ್ಲ ಕಡೆಯೂ ಕಾನೂನು ಒಂದೇ ಥರ ಇರಲ್ಲ, ಆದರೆ ಲೆಕ್ಕ ಇಡೋಕೆ ಯಾವ ಕಾನೂನೂ ಬೇಕಿಲ್ಲ.

ಪತ್ರ ಬರೆದ ತಂದೆಯವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಪೋಷಕರ ಸಭೆಯಲ್ಲಿ ಅವನನ್ನು ಕಳಿಸಿ ಅಂತ ಕೇಳುವ ಬದಲು, ಈ ತರಗತಿಗೆ ಇನ್ನೊಬ್ಬ ಸಹಾಯಕಿಯನ್ನು ಕೊಡಿ ಅಂತ ಕೇಳಿ. ನಿಮ್ಮ ಮಗಳಿಗೂ ಅದರಿಂದಲೇ ಉಪಯೋಗ ಜಾಸ್ತಿ. ನಾವು ಶಿಕ್ಷಕರು ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ, ನೀವು ಕೇಳಿದರೆ ಹಾಕಿಕೊಳ್ಳುತ್ತಾರೆ.

ಆ ತಂದೆಯವರು ಬರೆದ ಹುಡುಗನ ತಾಯಿಯೂ ಇದನ್ನು ಓದುತ್ತಿರಬಹುದು. ಅಮ್ಮಾ, ಶಾಲೆಯಿಂದ ಫೋನ್ ಬಂದಾಗೆಲ್ಲ ತಾರೀಕು, ಗಂಟೆ ಬರೆದಿಡಿ. ಫೋನಿನ ಕಾಲ್ ಪಟ್ಟಿಯಲ್ಲೇ ಇರುತ್ತೆ, ಅಳಿಸಿಹೋಗುವ ಮುಂಚೆ ಒಂದು ಹಾಳೆಗೆ ಇಳಿಸಿಕೊಳ್ಳಿ. ಆಮೇಲೆ ಶಾಲೆಯ ವೇಳಾಪಟ್ಟಿ ಕೇಳಿ ತಗೊಂಡು ಪಕ್ಕದಲ್ಲಿಟ್ಟು ನೋಡಿ. ಯಾವ ಪೀರಿಯಡ್ ಮತ್ತೆ ಮತ್ತೆ ಬರುತ್ತೋ ಅದಕ್ಕೆ ಗೆರೆ ಎಳೆದು, ಆ ಹಾಳೆ ತಗೊಂಡು ಹೋಗಿ ಅವನ ಶಿಕ್ಷಕಿಯ ಜೊತೆ ಕೂತ್ಕೊಳ್ಳಿ.

ಇತಿ,
ಒಬ್ಬ ವಿಶೇಷ ಶಿಕ್ಷಕಿ